ವಾಕ್ಯಗಣಿತ, ಗಣಿತಗನ್ನಡಿ ಮತ್ತು ನಮ್ಮ ತಿಥಿಜಗಳ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ವರ್ಷವು ಎರಡು ಸಲ ಹುಟ್ಟುತ್ತದೆ. ಚೈತ್ರ ಶುದ್ಧ ಪ್ರತಿಪದೆಯಂದು ಬೇವುಬೆಲ್ಲ. ಸೂರ್ಯನು ಮೇಷವನ್ನು ಹೊಕ್ಕಾಗ ನೆರೆಹೊರೆಯವರೊಡನೆ ಚಿತ್ತಿರೈ. ಒಂದು ಚಾಂದ್ರಮಾನ, ಇನ್ನೊಂದು ಸೌರಮಾನ. ಇದರಲ್ಲಿ ಜಗಳಕ್ಕೆ ಕಾರಣವಿಲ್ಲ. ಜಗಳ ಏಳುವುದು ತಿಥಿಯ ವಿಷಯದಲ್ಲಿ. ವಾಕ್ಯ ಪಂಚಾಂಗವು ಒಂದು ದಿನ ಏಕಾದಶಿ ಎಂದರೆ ತಿರುಕ್ಕಣಿತ ಪಂಚಾಂಗವು ಕೆಲವೊಮ್ಮೆ ಮರುದಿನ ಎನ್ನುತ್ತದೆ. ಅಜ್ಜಿಯ ಉಪವಾಸ ಇಂದು, ಸೊಸೆಯದು ನಾಳೆ. ವಾಕ್ಯದವರು ‘ನಮ್ಮದು ಪೂರ್ವಿಕರ ಗಣಿತ, ಗ್ರಹಣವೇ ಸಾಕ್ಷಿ’ ಎನ್ನುತ್ತಾರೆ. ದೃಗ್ಗಣಿತದವರು ‘ಅದು ಬರಿಯ ಗಿಳಿಪಾಠ’ ಎಂದು ತಳ್ಳಿಹಾಕುತ್ತಾರೆ. ಎರಡು ಪಕ್ಷದವರೂ ಆ ಕೋಷ್ಟಕಗಳನ್ನು ಬಿಡಿಸಿ ನೋಡಿದವರಲ್ಲವೆಂದು ನನಗೆ ತೋರುತ್ತದೆ.

ವಾಕ್ಯವೆಂದರೇನು? ಅಂಕೆಗಳನ್ನು ಕಟಪಯಾದಿ ಕ್ರಮದಿಂದ ಅಕ್ಷರಗಳಲ್ಲಿ ಅಡಗಿಸಿದ ಮಾತು. ಕಕಾರಕ್ಕೆ 1, ವಕಾರಕ್ಕೆ 4, ರೇಫಕ್ಕೆ 2; ಅಂಕೆಗಳನ್ನು ಬಲದಿಂದ ಎಡಕ್ಕೆ ಇಡಬೇಕು. ನಮ್ಮ ‘ಕಾವೇರಿ’ ಈ ಲೆಕ್ಕದಲ್ಲಿ 241. ಇಂತಹ 248 ಚಂದ್ರವಾಕ್ಯಗಳು ವರರುಚಿಯ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಸಂಖ್ಯೆ 248 ಏಕೆಂದರೆ, ಚಂದ್ರನು ತನ್ನ ಉಚ್ಚದಿಂದ ಹೊರಟು ಮತ್ತೆ ಉಚ್ಚಕ್ಕೆ ಬರುವ ಸುತ್ತು ಸುಮಾರು 27.55 ದಿನಗಳದು; ಅಂತಹ ಒಂಬತ್ತು ಸುತ್ತುಗಳಿಗೆ ಹೆಚ್ಚುಕಡಿಮೆ ಸರಿಯಾಗಿ 248 ದಿನ. ಆಮೇಲೆ ಅದೇ ಗತಿಭೇದವು ಮರುಕಳಿಸುತ್ತದೆ. ಉಳಿಯುವ ಅಲ್ಪ ಶೇಷವನ್ನು ತೀರಿಸಲು 110 ಸುತ್ತುಗಳ 3031 ದಿನ, 449 ಸುತ್ತುಗಳ 12372 ದಿನ ಎಂಬ ಹಿರಿಯ ಆವರ್ತಗಳಿವೆ. ಇದನ್ನು ಕಂಡುಹಿಡಿದವನನ್ನು ಗಿಳಿಯೆನ್ನಲು ಧೈರ್ಯ ಬೇಕು! ಸುಮಾರು ಕ್ರಿ. ಶ. 1300ರಲ್ಲಿ ಕಂಚಿಯ ಕಡೆ ರಚಿತವಾದ ‘ವಾಕ್ಯಕರಣ’ವು ಈ ಪದ್ಧತಿಯನ್ನು ತಮಿಳು ದೇಶದ ಪಂಚಾಂಗಗಳಿಗೆ ಅಡಿಪಾಯವಾಗಿ ಕೊಟ್ಟಿತು. ಟಿ. ಎಸ್. ಕುಪ್ಪಣ್ಣ ಶಾಸ್ತ್ರಿಗಳೂ ಕೆ. ವಿ. ಶರ್ಮರೂ ಅದನ್ನು 1962ರಲ್ಲಿ ಮದರಾಸಿನಿಂದ ಸಂಪಾದಿಸಿ ಪ್ರಕಟಿಸಿದರು.

ಆದರೆ ಕಂಡುಹಿಡಿದವನು ಬೇರೆ, ಬಳಸುವವನು ಬೇರೆ. ಜಾನ್ ವಾರನ್ ಎಂಬ ಸೈನ್ಯಾಧಿಕಾರಿ 1825ರಲ್ಲಿ ಮದರಾಸಿನಲ್ಲಿ ಅಚ್ಚುಹಾಕಿಸಿದ ‘ಕಾಲಸಂಕಲಿತ’ ಗ್ರಂಥದಲ್ಲಿ ಪಾಂಡಿಚೇರಿಯ ಒಬ್ಬ ತಮಿಳು ಪಂಚಾಂಗಗಣಕನ ವೃತ್ತಾಂತವಿದೆ. ಆತನು ನೆಲದ ಮೇಲೆ ಕವಡೆಗಳನ್ನಿಟ್ಟು, ಬಾಯಿಪಾಠದ ವಾಕ್ಯಗಳಿಂದಲೇ ಆ ವರ್ಷದ ಮೇ 31–ಜೂನ್ 1ರ ಚಂದ್ರಗ್ರಹಣವನ್ನು ಗಣಿಸಿದನು. ಸ್ಪರ್ಶಕಾಲದಲ್ಲಿ 4 ನಿಮಿಷ, ಮಧ್ಯದಲ್ಲಿ 23, ಮೋಕ್ಷದಲ್ಲಿ 52 ನಿಮಿಷಗಳ ವ್ಯತ್ಯಾಸ ಬಂದಿತು. ಆತನಿಗೆ ಸಿದ್ಧಾಂತ ಏನೂ ತಿಳಿಯದೆಂಬುದು ವಾರನ್ನನ ಆಕ್ಷೇಪ. ಈ ಆಕ್ಷೇಪವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಲಾಗರಿತಮ್ ಪುಸ್ತಕವನ್ನು ತೆರೆದು ಉತ್ತರ ತೆಗೆದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಅಂಕೆಗಳ ಹುಟ್ಟನ್ನು ಬಲ್ಲವರಾಗಿದ್ದರು? ಉಪಾಧ್ಯಾಯರ ಮಾತನ್ನು ಇಲ್ಲಿ ಎತ್ತುವುದು ಬೇಡ.

ಇನ್ನು ಗ್ರಹಣದ ಸಾಕ್ಷ್ಯ. ನನ್ನ ಮುಖ್ಯ ಭಿನ್ನಾಭಿಪ್ರಾಯವಿರುವುದು ಇಲ್ಲಿಯೇ. ವಾಕ್ಯಗಳಲ್ಲಿಯೂ ಸೂರ್ಯಸಿದ್ಧಾಂತದಲ್ಲಿಯೂ ಚಂದ್ರನಿಗೆ ಮಂದಫಲವೆಂಬ ಒಂದೇ ಸಂಸ್ಕಾರ, ಪರಮಾವಧಿ ಸುಮಾರು 5 ಅಂಶ. ಈ 5 ಅಂಶವು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಆಕಾಶಕ್ಕೆ ಹೊಂದುತ್ತದೆ. ಅಷ್ಟಮಿಯ ಹತ್ತಿರ ಹೊಂದುವುದಿಲ್ಲ. ಸೂರ್ಯನ ಆಕರ್ಷಣೆಯಿಂದಾಗಿ ಅಲ್ಲಿ ಅದೇ ಫಲವು ಏಳೂವರೆ ಅಂಶದವರೆಗೆ ಏರುತ್ತದೆ. ಎರಡೂವರೆ ಅಂಶದ ಅಂತರವೆಂದರೆ ತಿಥಿಯ ಕೊನೆಯಲ್ಲಿ ಸುಮಾರು ಐದು ಗಂಟೆ. ಏಕಾದಶಿಯಲ್ಲಿ ಇದು ತುಸು ಕಡಿಮೆಯಾದರೂ ಸೂರ್ಯೋದಯದ ಆಚೀಚೆ ಬಿದ್ದರೆ ವ್ರತದ ದಿನವನ್ನೇ ಬದಲಿಸಬಲ್ಲುದು. ಗ್ರಹಣವಾಗುವುದು ಪರ್ವಗಳಲ್ಲಿ ಮಾತ್ರ. ಪೂರ್ವಿಕರು ಮುಖ್ಯವಾಗಿ ಯಾವ ಕಾಲದಲ್ಲಿ ಚಂದ್ರನನ್ನು ಪರೀಕ್ಷಿಸಿ ತಿದ್ದಿದರೋ ಆ ಕಾಲದ ಒಪ್ಪಿಗೆಯನ್ನೇ ಮುಂದಿಟ್ಟು ಏಕಾದಶಿಯನ್ನು ಸಾಧಿಸುವುದು ತರ್ಕವಲ್ಲ. ಪೂರ್ವಿಕರೆಲ್ಲ ಇದನ್ನು ಅರಿಯದವರೆಂದೂ ಅಲ್ಲ. ಕ್ರಿ. ಶ. 932ರ ‘ಲಘುಮಾನಸ’ದಲ್ಲಿ ಮುಂಜಾಲನು ಚಂದ್ರನಿಗೆ ಎರಡನೆಯ ಸಂಸ್ಕಾರವೊಂದನ್ನು ಹೇಳಿಯೇ ಇದ್ದಾನೆ. ಕೇರಳದ ಪರಮೇಶ್ವರನು ದೀರ್ಘಕಾಲ ಗ್ರಹಣಗಳನ್ನು ಕಣ್ಣಾರೆ ಕಂಡು 1431ರಲ್ಲಿ ‘ದೃಗ್ಗಣಿತ’ವನ್ನು ಬರೆದನು. ‘ದೃಕ್’ ಎಂಬುದು ಪಾಶ್ಚಾತ್ಯರಿಂದ ಬಂದ ಹೊಸ ಹುಚ್ಚೆನ್ನುವವರು ಈ ಹೆಸರನ್ನಾದರೂ ನೆನೆಯಬೇಕು.

ಅಂಕೆಯನ್ನು ಕೊಟ್ಟು ಕಾರಣವನ್ನು ಕೊಡದಿರುವುದು ವಾಕ್ಯದ ನಿಜವಾದ ಕೊರತೆ. ಈ ಕೊರತೆಗೆ ಎದುರಾಗಿ ನಿಲ್ಲಿಸಬೇಕಾದ ಗ್ರಂಥ ಕನ್ನಡದಲ್ಲಿಯೇ ಇದೆ. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ವಿದ್ದಣನ ‘ವಾರ್ಷಿಕತಂತ್ರ’ಕ್ಕೆ ಬರೆದ ಕನ್ನಡ ಟೀಕೆ ‘ಗಣಿತಗನ್ನಡಿ’. ಭಾಷೆ ಕನ್ನಡ, ಲಿಪಿ ನಂದಿನಾಗರಿ. ಈ ತಾಳೆಯೋಲೆಯ ಗ್ರಂಥವನ್ನು ಬಿ. ಎಸ್. ಶೈಲಜಾ ಮತ್ತು ಸೀತಾರಾಮ ಜವಗಲ್ ಅವರು ಶೋಧಿಸಿ 2021ರಲ್ಲಿ ಬೆಳಕಿಗೆ ತಂದರು. ಸಂಸ್ಕೃತ ಶ್ಲೋಕವನ್ನು ಮುಂದಿಟ್ಟು ಕೂಡುವ, ಕಳೆಯುವ, ಭಾಗಿಸುವ ಕ್ರಮವನ್ನು ಕನ್ನಡದಲ್ಲಿ ತಿಳಿಸುವ ಈ ಕೃತಿಯು ಗ್ರಹಗಳ ಸ್ಥಾನದಿಂದ ಗ್ರಹಣದವರೆಗೆ ಶಿಷ್ಯನನ್ನು ಕೈಹಿಡಿದು ನಡೆಸುತ್ತದೆ. ನಮ್ಮ ಸಾಹಿತ್ಯ ವಿಮರ್ಶಕರು ಟೀಕೆಗಳನ್ನು ಕಾವ್ಯದ ತಕ್ಕಡಿಯಲ್ಲಿ ತೂಗಿ ಕೆಳಗಿಡುತ್ತಾರೆ. ಓದಿದವನು ಲೆಕ್ಕವನ್ನು ತಾನೇ ಮಾಡಬಲ್ಲನೇ ಎಂಬುದೇ ಟೀಕೆಗೆ ತಕ್ಕ ಒರೆಗಲ್ಲು. ಆ ಒರೆಗೆ ಹಚ್ಚಿದರೆ ಜೋಯಿಸರು ಒಳ್ಳೆಯ ಉಪಾಧ್ಯಾಯರು. ಸಂಪಾದಕರ ವಿವರಣೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮೂಲಕ್ಕೆ ಇಂಗ್ಲಿಷಿನ ಬಾಗಿಲಿನಿಂದ ಹೋಗಬೇಕಾಗಿದೆಯೆಂಬುದು ನನ್ನದೊಂದು ಅಸಮಾಧಾನ. ಅವರ ಶ್ರಮಕ್ಕೆ ಇದರಿಂದ ಕುಂದಿಲ್ಲ.

ಜಗಳವಾಡುವವರಿಗೆ ಒಂದು ಸೂಚನೆಯುಂಟು. ಎರಡೂ ಪಂಚಾಂಗಗಳನ್ನು ಮುಂದಿಟ್ಟುಕೊಂಡು ಒಂದು ವರ್ಷದ ಅಷ್ಟಮಿಗಳ ಮತ್ತು ಹುಣ್ಣಿಮೆಗಳ ಅಂತ್ಯಕಾಲವನ್ನು ಎರಡು ಸಾಲಾಗಿ ಬರೆಸಿರಿ. ಒಂಬತ್ತನೆಯ ತರಗತಿಯ ಹುಡುಗರಿಗೆ ಇದು ಎರಡು ಮಧ್ಯಾಹ್ನಗಳ ಕೆಲಸ. ಹುಣ್ಣಿಮೆಯ ಸಾಲಿನಲ್ಲಿ ಅಂತರ ಬಹುಮಟ್ಟಿಗೆ ಕಿರಿದು. ಅಷ್ಟಮಿಯ ಸಾಲಿನಲ್ಲಿ ಅದು ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ: ಚಂದ್ರನು ಉಚ್ಚ ನೀಚಗಳ ನಡುವೆ ಇರುವಾಗ ಗಂಟೆಗಟ್ಟಲೆ, ಉಚ್ಚದಲ್ಲೋ ನೀಚದಲ್ಲೋ ಇರುವಾಗ ಅತ್ಯಲ್ಪ.