ಚಿಕ್ಕ ಟ್ರ್ಯಾಕ್ಟರಿಗೆ ತಕ್ಕ ತೂಕ

ಆದಿಚುಂಚನಗಿರಿಯ ಬುಡದಿಂದ ನಾಗಮಂಗಲದ ಕಡೆಗೆ ಹಬ್ಬಿದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯೂ ಹುರುಳಿಯೂ ಮಳೆಯನ್ನೇ ನೆಚ್ಚಿ ಬಾಳುತ್ತಿರಲು, ವಿಶ್ವೇಶ್ವರಯ್ಯ ನಾಲೆಯನ್ನೂ ಅದಕ್ಕಿಂತ ಪುರಾತನವಾದ ಚಿಕ್ಕದೇವರಾಯಸಾಗರ ನಾಲೆಯನ್ನೂ ಆಶ್ರಯಿಸಿದ ಪಾಂಡವಪುರ, ಶ್ರೀರಂಗಪಟ್ಟಣಗಳ ಬಯಲು ಭತ್ತ ಕಬ್ಬುಗಳಿಂದ ಹಸುರಾಗಿರುವುದನ್ನು ಕಂಡವರಿಗೆ, ಈ ಎರಡು ಬಗೆಯ ನೆಲಕ್ಕೂ ಒಂದೇ ಯಂತ್ರವು ಒದಗೀತೆ ಎಂಬ ಸಂದೇಹ ಮೂಡುವುದು ಸಹಜ. ಒದಗೀತು, ಆದರೆ ಅದರ ಒಡೆಯನಿಗೆ ಮಣ್ಣಿನ ಹದವೂ ಯಂತ್ರದ ತೂಕವೂ ತಿಳಿದಿರಬೇಕು.

1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಹುಟ್ಟಿದ ವಿ.ಎಸ್.ಟಿ. ಸಂಸ್ಥೆಯು ಮೊದಲು ಟಿಲ್ಲರನ್ನೂ ತರುವಾಯ 18.5 ಅಶ್ವಶಕ್ತಿಯ, ನಾಲ್ಕು ಚಕ್ರಗಳೂ ಎಳೆಯುವ ಪುಟ್ಟ ಟ್ರ್ಯಾಕ್ಟರನ್ನೂ ನಮ್ಮ ರೈತರಿಗೆ ಒದಗಿಸಿತು. ಹಳೆಯದರಲ್ಲಿ ರುಚಿಯುಳ್ಳವರು ಮೆಚ್ಚುವ ಇನ್ನೊಂದು, ಎಚ್.ಎಂ.ಟಿ.ಯವರು 1971ರಿಂದ ಪಿಂಜೋರಿನಲ್ಲಿ ಚೆಕ್ ಜೆಟರಿನ ಮಾದರಿಯಲ್ಲಿ ತಯಾರಿಸಿದ 25 ಅಶ್ವಶಕ್ತಿಯ 2511. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಒಪ್ಪಿದ ಮೇಲೆ, ಅದರ ಬಿಡಿಭಾಗಗಳಿಗಾಗಿ ಗುಜರಿ ಅಂಗಡಿಗಳನ್ನು ಸುತ್ತುವ ತಾಳ್ಮೆಯೂ ಒಡೆತನದ ಒಂದು ಅಂಗವೇ ಆಗಿದೆ.

ಎಂಜಿನ್ ಎಷ್ಟೇ ಬಲಶಾಲಿಯಾದರೂ ಟೈರು ನೆಲವನ್ನು ಹಿಡಿಯದಿದ್ದರೆ ಆ ಬಲವೆಲ್ಲ ಧೂಳೆಬ್ಬಿಸುವುದರಲ್ಲಿಯೇ ವ್ಯಯವಾಗುತ್ತದೆ. ಆದುದರಿಂದ ಒಣಹೊಲದ ಉಳುಮೆಗೆ ಮೊದಲು ಹಿಂದಿನ ಟೈರಿನ ಮುಕ್ಕಾಲು ಪಾಲು ನೀರು ತುಂಬುವುದು ಎಲ್ಲ ಮಾರ್ಪಾಡುಗಳಲ್ಲಿಯೂ ಅತ್ಯಂತ ಅಗ್ಗವಾದುದು, ನನ್ನ ಮಟ್ಟಿಗೆ ಅತ್ಯಂತ ಶ್ರೇಷ್ಠವಾದುದೂ ಹೌದು. ಅದೇ ಗಾಡಿಯನ್ನು ಪಾಂಡವಪುರದ ಕೆಸರುಗದ್ದೆಗೆ ಇಳಿಸುವಾಗ ಆ ನೀರನ್ನು ಹೊರಬಿಟ್ಟು, ಕಬ್ಬಿಣದ ಕೇಜ್‌ವೀಲುಗಳನ್ನು ಜೋಡಿಸತಕ್ಕದ್ದು. ಭಾರವಾದ ಗಾಡಿ ಕೆಸರಿನಲ್ಲಿ ಹೂತುಕೊಂಡರೆ ಅದನ್ನು ಮೇಲೆತ್ತಲು ಇನ್ನೊಂದು ಗಾಡಿ ಬೇಕಾಗುತ್ತದೆ. ನಾಗಮಂಗಲದ ತೆಂಗಿನ ತೋಟದಲ್ಲಿ ಮರದ ಸುತ್ತ ಆರಡಿಯೊಳಗೆ ಕಲ್ಟಿವೇಟರನ್ನು ಆಳವಾಗಿ ಇಳಿಸಲಾಗದು. ಹೀರುವ ಬೇರುಗಳು ಬಹುಪಾಲು ಅಲ್ಲಿಯೇ ಇರುವುವು.

ಹೊಲದಂಚಿನ ನೀಲಗಿರಿ, ಸರ್ವೆಗಳ ದಿಮ್ಮಿಯನ್ನೆಳೆಯುವುದು ಮಾತ್ರ ಪ್ರಾಣದ ಪ್ರಶ್ನೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ, ಲಿಫ್ಟಿನ ಮೇಲ್ಕೊಂಡಿಗೋ ಸೀಟಿನ ಬುಡಕ್ಕೋ ಕಟ್ಟಿದವನ ಗಾಡಿಯು, ದಿಮ್ಮಿಯು ಯಾವುದಾದರೂ ಮೋಟಿಗೆ ಸಿಕ್ಕಿಕೊಂಡೊಡನೆ, ಮೂತಿಯನ್ನೆತ್ತಿ ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ, ಮತ್ತು ಆ ಕ್ಷಣದಲ್ಲಿ ಕ್ಲಚ್ಚನ್ನು ತುಳಿಯುವಷ್ಟು ವೇಳೆಯೂ ಉಳಿದಿರದು. ಸರಪಳಿಯು ಕೆಳಗಿನ ಡ್ರಾಬಾರಿಗೇ ಇರಬೇಕು; ಮುಂದೆ ತೂಕದ ತಟ್ಟೆಗಳಿರಬೇಕು; ತಲೆಯ ಮೇಲೆ ಗಟ್ಟಿಯಾದ ಕಬ್ಬಿಣದ ಕಮಾನಿರಬೇಕು, ಸೀಟಿನ ಬೆಲ್ಟೂ ಇರಬೇಕು. ಈ ಕಮಾನನ್ನು ಮನಬಂದಂತೆ ಕೊಳವೆ ಬೆಸೆದು ಮಾಡಿಸುವುದಕ್ಕಿಂತ ಕಾರ್ಖಾನೆಯದನ್ನೇ ಹುಡುಕುವುದು ಲೇಸು.

ಗವರ್ನರಿನ ತಿರುಪನ್ನು ಬಿಗಿದು ಎಂಜಿನ್ನಿನ ವೇಗವನ್ನು ಏರಿಸುವ ಮೆಕ್ಯಾನಿಕ್ಕಿನ ಕೌಶಲದಲ್ಲಿ ನನಗೆ ಗೌರವವಿಲ್ಲ. ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ.ಗೆಂದು ನಿರ್ಮಿಸಿದ ರೊಟವೇಟರನ್ನು ಅದಕ್ಕೂ ಮೀರಿ ತಿರುಗಿಸಿದರೆ ಗೇರು, ಬೇರಿಂಗುಗಳ ಆಯುಷ್ಯ ಕ್ಷೀಣಿಸುವುದು ನಿಶ್ಚಯ. ಇನ್ನು ಬೇರೆ ಎಂಜಿನ್ನನ್ನೇ ಕೂರಿಸುವವರುಂಟು; ಆದರೆ ಆರ್.ಸಿ. ಪುಸ್ತಕದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಹಳೆಯ ಗಾಡಿಯನ್ನು ಕೊಳ್ಳಹೋದಾಗ ಲಿಫ್ಟಿಗೆ ಭಾರವನ್ನು ಹೇರಿಸಿ, ಮೇಲೆತ್ತಿಸಿ, ಎಂಜಿನ್ನನ್ನು ನಿಲ್ಲಿಸಿ ಕೊಂಚ ಹೊತ್ತು ಕಾಯಿರಿ. ಭಾರವು ಥಟ್ಟನೆ ಇಳಿದರೆ ಹೈಡ್ರಾಲಿಕ್ಕಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆದರೆ ಎಂಜಿನ್ ಸಂಖ್ಯೆಯು ಪುಸ್ತಕದಲ್ಲಿರುವುದಕ್ಕೆ ಹೊಂದದಿದ್ದಲ್ಲಿ, ಬೆಲೆ ಎಷ್ಟೇ ಇಳಿದರೂ ಅಂತಹ ಗಾಡಿಯನ್ನು ಕೊಳ್ಳಬೇಡಿರಿ.