ಮಾಲ್ಗುಡಿಯ ಸ್ಮರಣೆಯೂ ವಿಮರ್ಶೆಯ ಕರ್ತವ್ಯವೂ

ಕೃತಿಯೊಂದರ ಗುಣದೋಷಗಳನ್ನು ವಿವೇಚಿಸುವುದು ವಿಮರ್ಶೆ. ಅದನ್ನು ಎಂದೋ ಕಂಡ ಸಂತೋಷವನ್ನು ನೆನೆದು ಹೇಳಿಕೊಳ್ಳುವುದು ಸ್ಮರಣೆ. ಇವೆರಡೂ ಬೇರೆಬೇರೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ದೂರದರ್ಶನದ ಹಳೆಯ ಧಾರಾವಾಹಿಗಳ ವಿಷಯದಲ್ಲಿ ಸ್ಮರಣೆಯೇ ವಿಮರ್ಶೆಯ ಪೀಠವನ್ನೇರಿ ಕುಳಿತಿದೆ. 1980ರ ದಶಕದಲ್ಲಿ ಬಾಲಕರಾಗಿದ್ದವರು ಇಂದು ಅಧ್ಯಾಪಕರೂ ಲೇಖಕರೂ ಆಗಿದ್ದಾರೆ. ಅವರು ತಮ್ಮ ಎಳವೆಯ ನೋಟಗಳನ್ನು ಬಾಯ್ತುಂಬ ಹೊಗಳುವುದು ಸಹಜವೇ ಸರಿ. ಆದರೆ ಆ ಹೊಗಳಿಕೆಯು ಕೃತಿಯ ಮೌಲ್ಯನಿರ್ಣಯವೆಂದು ತರಗತಿಯಲ್ಲಿ ಅಂಗೀಕೃತವಾದರೆ ವಿದ್ಯಾರ್ಥಿಗೆ ದೊರೆಯುವುದು ಕೃತಿಯಲ್ಲ, ಅದರ ನೆರಳು ಮಾತ್ರ. 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿಯನ್ನು ನಿದರ್ಶನವಾಗಿಟ್ಟುಕೊಂಡು, ಸ್ಮರಣೆಗೆ ವಿಮರ್ಶೆಯಲ್ಲಿ ಎಷ್ಟು ಸ್ಥಾನವುಂಟೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಬಗೆಯ ಸ್ಮರಣೆಯು ನಮಗಿಂತ ಮೊದಲೇ ಹುಲುಸಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಬಿ.ಬಿ.ಸಿ.ಯವರು ನಿಯತವಾದ ದೂರದರ್ಶನ ಪ್ರಸಾರವನ್ನು 1936ರ ನವೆಂಬರ್ 2ರಂದು ಆರಂಭಿಸಿದರು. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರವು ತೊಡಗಿದ್ದು 1959ರಲ್ಲಿ. ಬೆಂಗಳೂರಿನ ಕೇಂದ್ರವು ಸ್ಥಾಪಿತವಾದದ್ದು 1981ರಲ್ಲಿ. ಇಂಗ್ಲೆಂಡಿನ ಅನುಭವದಿಂದ ನಾವು ಕಲಿಯಬೇಕಾದ ಪಾಠವೊಂದುಂಟು. ಮುದ್ರಣದ ಟೇಪುಗಳು ಬಹು ಬೆಲೆಯವಾಗಿದ್ದುದರಿಂದಲೂ, ನಟರೊಡನೆ ಮಾಡಿಕೊಂಡ ಕರಾರುಗಳು ಮರುಪ್ರಸಾರಕ್ಕೆ ಮಿತಿಯನ್ನು ಹಾಕಿದ್ದುದರಿಂದಲೂ, 1960 ಮತ್ತು 1970ರ ದಶಕಗಳಲ್ಲಿ ಅಲ್ಲಿ ನೂರಾರು ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪುಗಳನ್ನು ಮರಳಿ ಉಪಯೋಗಿಸಿದರು. 1963ರಲ್ಲಿ ಮೊದಲಾದ 'ಡಾಕ್ಟರ್ ಹೂ' ಎಂಬ ಪ್ರಸಿದ್ಧ ಧಾರಾವಾಹಿಯ ಅನೇಕ ಕಂತುಗಳು ಹೀಗೆಯೇ ನಷ್ಟವಾದುವು. ಅವುಗಳಲ್ಲಿ 'ದಿ ಟೂಂಬ್ ಆಫ್ ದಿ ಸೈಬರ್‌ಮೆನ್' ಎಂಬ, 1967ರಲ್ಲಿ ಪ್ರಸಾರವಾದ ನಾಲ್ಕು ಕಂತುಗಳ ಕಥೆಯೊಂದು. ಅದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನೋಡಿದವರ ನೆನಪಿನಲ್ಲಿ ಮಾತ್ರ ಜೀವಿಸಿತ್ತು. ನೆನಪಿನಲ್ಲಿ ಅದು ಉತ್ತಮೋತ್ತಮವೆಂಬ ಖ್ಯಾತಿಯನ್ನು ಪಡೆದಿತ್ತು. 1991ರ ಕೊನೆಯಲ್ಲಿ ಹಾಂಗ್ ಕಾಂಗಿನಿಂದ ಅದರ ಫಿಲ್ಮ್ ಪ್ರತಿಗಳು ಹಿಂದಿರುಗಿದುವು. ಮರಳಿ ಕಂಡವರಲ್ಲಿ ಕೆಲವರು ಹಳೆಯ ಪ್ರಶಂಸೆಯನ್ನೇ ಎತ್ತಿಹಿಡಿದರು. ಮತ್ತೆ ಕೆಲವರ ಕಣ್ಣಿಗೆ ಕಥೆಯ ಸಡಿಲತೆಯೂ, ಮೈಬಲವೊಂದನ್ನುಳಿದು ಮಾತೇ ಇಲ್ಲವೆನ್ನುವಷ್ಟು ಮೂಕನಾಗಿ ಚಿತ್ರಿತನಾದ ಕಪ್ಪು ಜನಾಂಗದ ಸೇವಕನ ಪಾತ್ರವೂ ಬಿದ್ದುವು. ಸ್ಮರಣೆಯು ಭಯವನ್ನೂ ಬೆರಗನ್ನೂ ಉಳಿಸಿಕೊಂಡು ಆ ಸೇವಕನನ್ನು ಕೈಬಿಟ್ಟಿತ್ತು. ಸ್ಮರಣೆಯು ಕೃತಿಯನ್ನು ಕಾಪಾಡುವುದಿಲ್ಲ. ಕೃತಿಯಿಂದ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಇನ್ನೊಂದು ನಿದರ್ಶನವು ನಮ್ಮ ದೇಶಕ್ಕೇ ಸಂಬಂಧಪಟ್ಟುದು. 1984ರಲ್ಲಿ ಗ್ರಾನಡಾ ಸಂಸ್ಥೆಯವರು ಪಾಲ್ ಸ್ಕಾಟನ ನಾಲ್ಕು ಕಾದಂಬರಿಗಳನ್ನು ಆಧರಿಸಿ 'ದಿ ಜ್ಯುಯೆಲ್ ಇನ್ ದಿ ಕ್ರೌನ್' ಎಂಬ 14 ಕಂತುಗಳ ಧಾರಾವಾಹಿಯನ್ನು ಪ್ರಸಾರಮಾಡಿದರು. ಬ್ರಿಟಿಷರ ಆಳ್ವಿಕೆಯ ಕೊನೆಗಾಲವೇ ಅದರ ವಸ್ತು. ಆಂಗ್ಲ ಪ್ರೇಕ್ಷಕರು ಅದನ್ನು ಬಹುವಾಗಿ ಮೆಚ್ಚಿದರು. ಆದರೆ ಆ ವರ್ಷವೇ ಸಲ್ಮಾನ್ ರಶ್ದಿಯವರು 'ಔಟ್‌ಸೈಡ್ ದಿ ವೇಲ್' ಎಂಬ ಪ್ರಬಂಧದಲ್ಲಿ, ಕಳೆದುಹೋದ ಸಾಮ್ರಾಜ್ಯದ ಮೇಲಣ ಹಂಬಲವು ಇಂತಹ ಚಿತ್ರಗಳಲ್ಲಿ ಕಲೆಯ ವೇಷವನ್ನು ತೊಟ್ಟು ಬರುತ್ತಿದೆಯೆಂದು ಖಂಡಿಸಿದರು. ಅವರ ತೀರ್ಪನ್ನು ಒಪ್ಪಬಹುದು, ಬಿಡಬಹುದು. ಹಂಬಲವು ಹುಟ್ಟಿದ ಗಳಿಗೆಯಲ್ಲಿಯೇ ಅದನ್ನು ಪರೀಕ್ಷಿಸುವವನೊಬ್ಬನು ಎದ್ದು ನಿಂತನೆಂಬುದು ಇಲ್ಲಿ ಮುಖ್ಯ. ಅದೇ ಆಳ್ವಿಕೆಯ ಕಾಲವನ್ನು ನಾವೇ ಚಿತ್ರಿಸಿಕೊಂಡ ಕೃತಿಯ ವಿಷಯದಲ್ಲಿಯೂ ಅಂತಹ ಪರೀಕ್ಷೆಯು ಆಗಬೇಕಲ್ಲವೆ?

ಆ ಕೃತಿಯೇ 'ಮಾಲ್ಗುಡಿ ಡೇಸ್'. ಆರ್. ಕೆ. ನಾರಾಯಣರ ಕಥೆಗಳನ್ನೂ ಕಾದಂಬರಿಗಳನ್ನೂ ಆಧರಿಸಿದ ಈ ಧಾರಾವಾಹಿಯನ್ನು ಟಿ. ಎಸ್. ನರಸಿಂಹನ್ ನಿರ್ಮಿಸಿದರು, ಶಂಕರ್ ನಾಗ್ ನಿರ್ದೇಶಿಸಿದರು. ಶಿವಮೊಗ್ಗ ಜಿಲ್ಲೆಯ ಆಗುಂಬೆಯೇ ಮಾಲ್ಗುಡಿಯಾಯಿತು. ಎಲ್. ವೈದ್ಯನಾಥನ್ ಅವರ ರಾಗವೂ, ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಪ್ರತಿಯೊಂದು ಕಂತಿಗೂ ಮುಖಮಂಟಪದಂತಿದ್ದುವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, 'ದಿ ವೆಂಡರ್ ಆಫ್ ಸ್ವೀಟ್ಸ್' ಕಾದಂಬರಿಯ ಜಗನ್ ಆಗಿ ಅನಂತ್ ನಾಗ್ ನಟಿಸಿದರು. ನಟವರ್ಗದಲ್ಲಿ ಕನ್ನಡಿಗರೇ ಹೆಚ್ಚು, ನೆಲವೂ ಕನ್ನಡದ್ದು, ಆದರೆ ಭಾಷೆ ಮಾತ್ರ ಹಿಂದಿ, ಆರಂಭದ ಕಂತುಗಳಲ್ಲಿ ಇಂಗ್ಲಿಷೂ ಉಂಟು.

ಈ ಧಾರಾವಾಹಿಯನ್ನು ನೆನೆಯುವವರ ಮಾತುಗಳನ್ನು ಗಮನಿಸಿದರೆ ಒಂದು ಸಂಗತಿ ವಿಶದವಾಗುತ್ತದೆ. ಮೊದಲು ಬರುವುದು ರಾಗ, ಆಮೇಲೆ ರೇಖಾಚಿತ್ರ, ಆಮೇಲೆ ಹಂಚಿನ ಮನೆ, ಜಗಲಿ, ಚಡ್ಡಿ ತೊಟ್ಟು ಓಡುವ ಹುಡುಗರು, ಕಡೆಗೆ, ನೆರೆಮನೆಯಲ್ಲಿ ಹತ್ತು ಜನರೊಡನೆ ಕುಳಿತು ನೋಡಿದ ಸಂಭ್ರಮ. ಮುಗ್ಧವಾದ ಕಾಲ, ನೆಮ್ಮದಿಯ ಊರು ಎಂಬ ಎರಡು ವಿಶೇಷಣಗಳಲ್ಲಿ ಎಲ್ಲವೂ ಪರ್ಯವಸಾನವಾಗುತ್ತದೆ. ಈ ಭಾವವು ಈಗ ಕಟ್ಟಡವಾಗಿಯೂ ನಿಂತಿದೆ: ಚಿತ್ರೀಕರಣ ನಡೆದಿದ್ದ ಹೊಸನಗರ ತಾಲ್ಲೂಕಿನ ಅರಸಾಳು ರೈಲುನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿಯ ವಸ್ತುಸಂಗ್ರಹಾಲಯವೊಂದು ಸಿದ್ಧವಾಯಿತು. ಇಲ್ಲದ ಊರಿಗೆ ಇರುವ ನಿಲ್ದಾಣವೊಂದು ಸ್ಮಾರಕವಾದದ್ದು ಕಲ್ಪನೆಯ ಜಯವೇ ಸರಿ. ಆದರೆ ಕಥೆಯೊಳಗಿನ ಮಾಲ್ಗುಡಿಯು ಅಷ್ಟು ನೆಮ್ಮದಿಯ ಊರಾಗಿತ್ತೆ?

ಮೂಲವನ್ನು ನೋಡೋಣ. 'ಸ್ವಾಮಿ ಅಂಡ್ ಫ್ರೆಂಡ್ಸ್' ಲಂಡನ್ನಿನಲ್ಲಿ 1935ರಲ್ಲಿ ಪ್ರಕಟವಾಯಿತು. ಅದರೊಳಗಿನ ಕಾಲ 1930. ಬೊಂಬಾಯಿಯ ರಾಜಕೀಯ ಕಾರ್ಯಕರ್ತನೊಬ್ಬನ ಬಂಧನವನ್ನು ಪ್ರತಿಭಟಿಸಲು ಸರಯೂ ನದಿಯ ದಡದಲ್ಲಿ ಜನ ನೆರೆಯುತ್ತಾರೆ. ವಿದೇಶಿ ಬಟ್ಟೆ ಉರಿಯುತ್ತದೆ. ಸ್ವಾಮಿಯ ಟೋಪಿಯೂ ಬೆಂಕಿಗೆ ಬೀಳುತ್ತದೆ. ಮರುದಿನ ಹರತಾಳ, ಶಾಲೆಯ ಕಿಟಕಿಗಳ ಗಾಜು ಒಡೆಯುತ್ತದೆ, ಪೋಲೀಸರ ಲಾಠಿ ಬೀಳುತ್ತದೆ. ಜನರನ್ನು ಚದರಿಸುವ ಅಧಿಕಾರಿಯು ಬೇರಾರೂ ಅಲ್ಲ, ಸ್ವಾಮಿಯ ಪರಮಮಿತ್ರನಾದ ರಾಜಮನ ತಂದೆ. ಅದರ ಫಲವಾಗಿ ಸ್ವಾಮಿಯು ಒಂದು ಶಾಲೆಯನ್ನು ಬಿಡಬೇಕಾಗುತ್ತದೆ. ಎರಡನೆಯ ಶಾಲೆಯ ಮುಖ್ಯೋಪಾಧ್ಯಾಯನ ಬೆತ್ತಕ್ಕೆ ಸಿಡಿದೆದ್ದು ಊರನ್ನೇ ಬಿಟ್ಟು ಓಡುತ್ತಾನೆ. ಕಾಡಿನಲ್ಲಿ ದಾರಿತಪ್ಪಿ ಬೀಳುತ್ತಾನೆ. ಪಂದ್ಯಕ್ಕೆ ಬಾರದುದರಿಂದ ರಾಜಮನ ಸ್ನೇಹವು ಮುರಿಯುತ್ತದೆ. ರಾಜಮನ ತಂದೆಗೆ ವರ್ಗವಾಗುತ್ತದೆ. ಹೊರಡುವ ರೈಲಿನತ್ತ ಸ್ವಾಮಿಯು ಪುಸ್ತಕವೊಂದನ್ನು ಕಾಣಿಕೆಯಾಗಿ ಮುಟ್ಟಿಸುತ್ತಾನೆ. ಮಿತ್ರನು ಕ್ಷಮಿಸಿದನೊ ಇಲ್ಲವೊ ಎಂಬುದು ಅವನಿಗೆ ಕೊನೆಗೂ ನಿಶ್ಚಯವಾಗುವುದಿಲ್ಲ. ಅಧಿಕಾರದ ಭಯ, ಸ್ನೇಹದ ಅನಿಶ್ಚಯ, ದೊಡ್ಡವರ ರಾಜಕೀಯವು ಮಕ್ಕಳ ಬಾಳಿಗೆ ಎಡವಿ ಬೀಳುವ ಬಗೆ: ಇವೇ ಈ ಕಥೆಯ ಬೆನ್ನೆಲುಬು. ನಾರಾಯಣರ ಹಾಸ್ಯವು ಈ ಬೆನ್ನೆಲುಬನ್ನು ಮುಚ್ಚುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ.

ಧಾರಾವಾಹಿಯು ಇಂತಹ ಕಥೆಗೆ ಒದಗಿಸಿದ ಪರಿಸರವನ್ನು ಇಲ್ಲಿ ವಿಚಾರಿಸಬೇಕು. ನಾರಾಯಣರ ಮಾಲ್ಗುಡಿಯು ಬಿಸಿಲೂ ಧೂಳೂ ಉಳ್ಳ ಬಯಲಿನ ಪಟ್ಟಣ. ಆಗುಂಬೆಯಾದರೊ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವ ಹಸಿರು ಮಲೆನಾಡು. ಆ ಹಸಿರಿನಲ್ಲಿ ಬೆತ್ತದ ಪೆಟ್ಟೂ ಮೃದುವಾಗಿ ಕಾಣುತ್ತದೆ; ಆ ರಾಗದ ಬೆನ್ನಲ್ಲಿ ಬರುವ ವಿಷಾದವೂ ಇಂಪಾಗುತ್ತದೆ. ಶಂಕರ್ ನಾಗರ ಸ್ಥಳದ ಆಯ್ಕೆಯು ಕಣ್ಣಿಗೆ ಸೊಗಸನ್ನು ತಂದಿತು. ಜೊತೆಗೆ ಕಥೆಯ ಒರಟನ್ನು ನಯಗೊಳಿಸಿತು. ಪ್ರೇಕ್ಷಕನ ಹಂಬಲಕ್ಕೆ ಬೀಜವು ಕೃತಿಯಲ್ಲಿಯೇ ಇತ್ತೆಂದು ಹೇಳಬೇಕಾಗಿದೆ. ಇದಕ್ಕೆ ಪ್ರತಿಯಾಗಿ ನಿಲ್ಲುವುದು ಕಾರ್ನಾಡರ ಅಭಿನಯ. ಆ ತಂದೆಯ ಬಿಗಿದ ಮುಖದಲ್ಲಿ ಮಾಲ್ಗುಡಿಯ ನಿಜವಾದ ಶಿಸ್ತೂ ದೂರವೂ ಉಳಿದಿವೆ.

ಈಗ ನಮ್ಮ ಸೀಮೆಗೆ ಬರೋಣ. ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯು ಆಂಧ್ರದ ಗಡಿಗೆ ಸಮೀಪವಾದುದು. ಈ ಕಡೆ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವ ಭಾಷೆಗಳು. ಇಲ್ಲಿಯ ಅಧ್ಯಾಪಕನೊಬ್ಬನು ಸ್ವಾಮಿಯ ಕಥೆಯನ್ನು ಪಾಠಹೇಳುವಾಗ, ಅದು ಮುಗ್ಧಕಾಲದ ಚಿತ್ರವೆಂದು ಹೇಳಿ ಮುಗಿಸಲಾಗದು. ಏಕೆಂದರೆ ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಕಾದಂಬರಿಯು ಪ್ರಕಟವಾದ ಮೂರೇ ವರ್ಷಗಳ ತರುವಾಯ, 1938ರ ಏಪ್ರಿಲ್ 25ರಂದು, ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡುಹಾರಿಸಿದರು. ಹತರಾದವರು ಮೂವತ್ತಕ್ಕೂ ಮಿಕ್ಕಿದ್ದರೆಂದು ಜನ ಹೇಳುತ್ತಾರೆ. ಸರ್ಕಾರದ ಲೆಕ್ಕವು ಅದಕ್ಕಿಂತ ತೀರ ಕಡಿಮೆ. ಮಾಲ್ಗುಡಿಯು ಬ್ರಿಟಿಷರ ನೇರ ಆಳ್ವಿಕೆಯ ಕಲ್ಪಿತ ಪಟ್ಟಣ. ವಿದುರಾಶ್ವತ್ಥವು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ನಿಜವಾದ ಗ್ರಾಮ. ಇವೆರಡನ್ನೂ ಒಂದೆನ್ನಲಾಗದು. ಆದರೂ ಒಂದರ ಲಾಠಿಯನ್ನು ಮತ್ತೊಂದರ ಗುಂಡಿನ ಬಳಿಯಲ್ಲಿಟ್ಟು ಓದಿದ ವಿದ್ಯಾರ್ಥಿಗೆ, ಸರಯೂ ದಡದ ಆ ಸಂಜೆ ಬರಿಯ ಹುಡುಗಾಟವಾಗಿ ಉಳಿಯದು. ರಾಜಮನ ತಂದೆಯ ಸಮವಸ್ತ್ರವು ಆಗ ಅವನಿಗೆ ಅರ್ಥವಾಗುತ್ತದೆ.

ಇಲ್ಲಿ ಒಂದು ಶಂಕೆಯುಂಟಾಗಬಹುದು: ಹಾಗಾದರೆ ಪ್ರೇಕ್ಷಕರ ನೆನಪಿಗೆ ಬೆಲೆಯೇ ಇಲ್ಲವೆ? ಖಂಡಿತವಾಗಿಯೂ ಉಂಟು. ಹಿಂದಿಯಲ್ಲಿ ನುಡಿದ ಧಾರಾವಾಹಿಯನ್ನು ಕನ್ನಡಿಗರು ತಮ್ಮದೆಂದು ನೆನೆಯುತ್ತಾರೆ. ಅದರ ಪಾತ್ರಗಳ ಮಾತುಗಳನ್ನು ಕನ್ನಡದಲ್ಲಿಯೇ ಹೇಳಿಕೊಳ್ಳುತ್ತಾರೆ. ನೋಡುನೋಡುತ್ತಲೇ ಜನರು ಅದನ್ನು ಮನಸ್ಸಿನಲ್ಲಿ ಅನುವಾದಿಸಿಕೊಂಡರೆಂಬುದಕ್ಕೆ ಟೇಪಿನಲ್ಲಿ ಸಾಕ್ಷ್ಯವಿಲ್ಲ. ಸ್ಮರಣೆಯಲ್ಲಿ ಮಾತ್ರ ಉಂಟು. ಕೃತಿಯು ಜನರನ್ನು ಹೇಗೆ ಮುಟ್ಟಿತೆಂಬುದನ್ನು ತಿಳಿಯಲು ಸ್ಮರಣೆಯೇ ಆಧಾರ. ಕೃತಿಯು ಎಂತಹುದೆಂಬುದನ್ನು ತಿಳಿಯಲು ಕೃತಿಯೇ ಆಧಾರ. ಒಂದನ್ನು ಕೇಳಬೇಕಾದ ಪ್ರಶ್ನೆಯನ್ನು ಮತ್ತೊಂದಕ್ಕೆ ಕೇಳುವುದರಿಂದಲೇ ನಮ್ಮ ಗೊಂದಲವೆಲ್ಲವೂ ಹುಟ್ಟಿದೆ.

ಆದಕಾರಣ ಸಾಹಿತ್ಯದ ಅಧ್ಯಾಪಕರು ಮೂರು ಕೆಲಸಗಳನ್ನು ಕ್ರಮವಾಗಿ ಕೈಕೊಳ್ಳುವುದು ಉಚಿತವೆಂದು ತೋರುತ್ತದೆ. ಮೊದಲನೆಯದಾಗಿ, ತಮ್ಮ ಊರಿನ ಹಿರಿಯರು ಈ ಧಾರಾವಾಹಿಯಲ್ಲಿ ಏನನ್ನು ನೆನೆಯುತ್ತಾರೆಂಬುದನ್ನು ವಿದ್ಯಾರ್ಥಿಗಳಿಂದ ಬರೆಯಿಸಿಡುವುದು. ಎರಡನೆಯದಾಗಿ, ಕಂತುಗಳನ್ನು ಮೂಲಕಥೆಯೊಡನೆ ಹೋಲಿಸಿ ನೋಡುವುದು. ಮೂರನೆಯದಾಗಿ, ನೆನಪು ಯಾವುದನ್ನು ಬಿಟ್ಟಿತು, ಏಕೆ ಬಿಟ್ಟಿತು ಎಂದು ವಿಚಾರಿಸುವುದು. ಶಂಕರ್ ನಾಗ್ 1990ರಲ್ಲಿ ಅಕಾಲಮರಣಕ್ಕೀಡಾದರು. ನಾರಾಯಣರು 2001ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡರು. ಅಗಲಿದವರ ಮೇಲಣ ಪ್ರೀತಿಯಿಂದ ಅವರ ಕೃತಿಯನ್ನು ಪರೀಕ್ಷೆಗೆ ಒಡ್ಡದೆ ಬಿಡುವುದು ಗೌರವದಂತೆ ತೋರಬಹುದು. ಆದರೆ ಮರಳಿ ನೋಡಿದಾಗಲೂ ನಿಲ್ಲುವಷ್ಟು ಸತ್ತ್ವ ಆ ಕೃತಿಗೆ ಉಂಟೆಂದು ನಂಬುವುದೇ ಹೆಚ್ಚಿನ ಗೌರವ. ವಿದ್ವಾಂಸರು ಈ ವಿಷಯವನ್ನು ಮುಂದುವರಿಸಿ ವಿಚಾರಿಸುವರೆಂದು ಆಶಿಸುತ್ತೇನೆ.