ಕೆರೆಯ ಲಕ್ಷಣದಲ್ಲಿ ಅವ್ಯಾಪ್ತಿ: ಪೋರುಮಾಮಿಳ್ಳ ಶಾಸನದ ವಿಮರ್ಶೆ

ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಲ್ಲದ ಮಾತೇ ಲಕ್ಷಣವೆನಿಸುವುದೆಂದು ತಾರ್ಕಿಕರ ಮತ. ಕಾವ್ಯ, ರಸ, ಅಲಂಕಾರಗಳ ಲಕ್ಷಣಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವ ಪದ್ಧತಿ ವಿದ್ವಾಂಸರಲ್ಲಿ ಚಿರಪರಿಚಿತವಾದುದು. ಶಾಸನಗಳಲ್ಲಿ ದೊರೆಯುವ ಲೌಕಿಕ ವಸ್ತುಗಳ ಲಕ್ಷಣಗಳಿಗಾದರೋ ಇಂಥ ಪರೀಕ್ಷೆ ಅಪರೂಪ. ಕೆರೆಯ ಲಕ್ಷಣವನ್ನು ಸಾಂಗವಾಗಿ ಹೇಳುವ ಪೋರುಮಾಮಿಳ್ಳ ಶಾಸನವು ಅದಕ್ಕೆ ಅತ್ಯಂತ ಯೋಗ್ಯವಾಗಿದೆ.

ಕಡಪೆಯ ಸೀಮೆಯಲ್ಲಿರುವ ಈ ಸಂಸ್ಕೃತ ಶಾಸನವು ಕ್ರಿ. ಶ. 1369ರದು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದುದು ಇದರ ವಿಷಯ. 1000 ಆಳುಗಳೂ 100 ಬಂಡಿಗಳೂ ಎರಡು ವರ್ಷ ದುಡಿದ ಆ ಕಾರ್ಯವನ್ನು ಹೇಳುವ ಪ್ರಸಂಗದಲ್ಲಿ ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಶಾಸನಕಾರನು ಎಣಿಸಿದ್ದಾನೆ. ಧರ್ಮಿಷ್ಠನಾದ ರಾಜ, ಜಲಶಾಸ್ತ್ರಜ್ಞನಾದ ಬ್ರಾಹ್ಮಣ, ಗಟ್ಟಿ ಮಣ್ಣಿನ ನೆಲ, ದೂರದಿಂದ ಸಿಹಿನೀರನ್ನು ತರುವ ನದಿ, ಹೊಂದಿಕೊಂಡ ಬೆಟ್ಟ, ದೃಢವಾದ ಏರಿ, ಆಳವೂ ವಿಶಾಲವೂ ಆದ ಅಂಗಳ, ಸಮೀಪದ ಕಲ್ಲುಗಣಿ, ಕೆಳಗಿನ ಫಲವತ್ತಾದ ಬಯಲು, ನಿಪುಣರಾದ ಕೆಲಸಗಾರರು ಮೊದಲಾದುವು ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಉಬ್ಬಿರುವುದು, ನೀರಿಗೂ ನೆಲಕ್ಕೂ ಪ್ರಮಾಣ ತಪ್ಪುವುದು, ಇವು ದೋಷಗಳು.

ಕಟ್ಟುವವನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಹಿತಮಿತವಾದ ಲಕ್ಷಣ ದುರ್ಲಭ. ಆದರೆ ಕೆರೆಯು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಪ್ರತಿವರ್ಷವೂ ಮಳೆಯೊಡನೆ ಹೊಸದಾಗಿ ಆಗುತ್ತಿರುವ ವಸ್ತು. ನೀರು ಯಾವ ನೆಲದ ಮೇಲೆ ಹರಿದು ಬರುವುದೋ ಆ ನೆಲದ ಸ್ಥಿತಿ ಬದಲಾದಂತೆಲ್ಲ ಕೆರೆಯೂ ಬದಲಾಗುವುದು. ಈ ಮೇಲಣ ನೆಲವು ಹನ್ನೆರಡು ಅಂಗಗಳಲ್ಲಿ ಪ್ರತ್ಯೇಕವಾಗಿ ಬಂದಿಲ್ಲ. ಕನ್ನಡದಲ್ಲಿಯೂ ಕೆಳಗಿನ ನೆಲಕ್ಕೆ ಅಚ್ಚುಕಟ್ಟೆಂಬ ಮಾತು ರೈತನ ನಾಲಗೆಯ ಮೇಲೆಯೇ ಇದೆ. ಮೇಲಣ ನೆಲಕ್ಕೆ ಸಲ್ಲುವ ಜಲಾನಯನವೆಂಬುದು ಪುಸ್ತಕದ ಮಾತಾಗಿಯೇ ಉಳಿದಿದೆ. ಮಾತಿನ ಈ ಕೊರತೆ ದೃಷ್ಟಿಯ ಕೊರತೆಯನ್ನು ಸೂಚಿಸುವುದು.

ಲಕ್ಷಣವನ್ನು ಲಕ್ಷ್ಯದಲ್ಲಿ ಪರೀಕ್ಷಿಸಬೇಕಷ್ಟೆ. ಅದಕ್ಕೆ ಚನ್ನಪಟ್ಟಣ, ರಾಮನಗರ, ಮಾಗಡಿಗಳ ಸೀಮೆ ಸಾಲುವುದು. ಚನ್ನಪಟ್ಟಣದ ಬಳಿ ಕಣ್ವಾ ನದಿಗೆ 1946ರಲ್ಲಿ ಕಟ್ಟಿದ ಜಲಾಶಯದಲ್ಲಿ ನದಿ, ಬೆಟ್ಟ, ಏರಿ, ಬಯಲು ಎಲ್ಲವೂ ಉಂಟು. ಆದರೂ ಮಳೆಯ ಕೊರತೆಯಾದಾಗ ಇಗ್ಗಲೂರಿನಲ್ಲಿ ಶಿಂಷೆಯ ನೀರನ್ನು ಎತ್ತಿ ಈ ತಾಲ್ಲೂಕಿನ ಕೆರೆಗಳನ್ನು ತುಂಬಿಸಬೇಕಾಯಿತು. ಅಂದಮೇಲೆ ಆ ಕೆರೆಗಳ ಮೇಲಣ ನೆಲವು ಕಣ್ಣಿಗೆ ಕಾಣುವ ಬೆಟ್ಟಸಾಲಿಗೆ ಮುಗಿಯದೆ ಶಿಂಷೆಯ ತೀರದವರೆಗೂ ಚಾಚಿತು.

ಅರ್ಕಾವತಿ, ಕುಮುದ್ವತಿಗಳ ಸಂಗಮದಲ್ಲಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವು ಬೆಂಗಳೂರಿಗೆ ಕುಡಿಯುವ ನೀರನ್ನು ಕೊಟ್ಟಿತು. ಮೇಲಣ ಹೊಲಗಳು ಬಡಾವಣೆಗಳೂ ಕಾರ್ಖಾನೆಗಳೂ ಆಗುತ್ತ ಬಂದುವು. ಆ ನೆಲದ ಬಳಕೆಯನ್ನು ವಲಯಗಳಾಗಿ ವಿಂಗಡಿಸಿ ಕಟ್ಟುಪಾಡು ಮಾಡುವ ಸರಕಾರದ ಅಧಿಸೂಚನೆ 2003ರಲ್ಲಿ ಹೊರಟಿತು. 2012ರಲ್ಲಿ ನಗರಕ್ಕೆ ಅಲ್ಲಿಂದ ನೀರೆತ್ತುವುದು ನಿಂತಿತು. ಏರಿ ಒಡೆಯಲಿಲ್ಲ, ತೂಬು ಕೆಡಲಿಲ್ಲ. ಶಾಸನೋಕ್ತವಾದ ಕಟ್ಟಡದೋಷ ಒಂದೂ ಇಲ್ಲದೆಯೇ ಜಲಾಶಯವು ನಿಷ್ಪ್ರಯೋಜಕವಾಯಿತು. ಇದೇ ಅವ್ಯಾಪ್ತಿಗೆ ಪ್ರತ್ಯಕ್ಷ ಪ್ರಮಾಣ.

ಇಲ್ಲಿ ಪೂರ್ವಪಕ್ಷವೊಂದುಂಟು. ಸಿಹಿನೀರಿನ ನದಿಯೆಂಬ ಅಂಗದಲ್ಲಿಯೇ ಮೇಲಣ ನೆಲದ ಶುದ್ಧಿಯೂ ಅಡಗಿದೆ. ಉಪಲಕ್ಷಣದಿಂದ ಗ್ರಹಿಸಿದರೆ ಸಾಕು ಎಂದು ಹೇಳಬಹುದು. ಈ ಸಮಾಧಾನ ಸಾಲದು. ಶಾಸನದಲ್ಲಿ ಸಿಹಿಯೆಂಬುದು ಸ್ಥಳವನ್ನು ಆರಿಸುವಾಗ ನೋಡತಕ್ಕ ನದಿಯ ಸ್ವಭಾವ. ಮನುಷ್ಯನ ನಡೆವಳಿಕೆಯಿಂದ ಉಳಿಯುವ ಅಥವಾ ಅಳಿಯುವ ಗುಣವಲ್ಲ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವುಳ್ಳ ವೃಷಭಾವತಿಯ ನೀರೂ ಒಂದು ಕಾಲಕ್ಕೆ ಸಿಹಿಯೇ. ಬೆಂಗಳೂರಿನ ಚರಂಡಿಯೂ ಕಾರ್ಖಾನೆಗಳ ಕೊಳೆಯೂ ಕೂಡಿದ ಮೇಲೆ ಅದು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ನೊರೆಯನ್ನು ಹೊತ್ತು ಬರುವಂತಾಯಿತು. ಎರಡು ರಾಜ್ಯಗಳ ಗಡಿಯೆಂಬ ದೋಷವಾದರೋ ಇಲ್ಲಿ ಉಪಲಕ್ಷಣದಿಂದ ಚೆನ್ನಾಗಿ ಸಲ್ಲುವುದು: ಕೊಳೆ ಬಿಡುವ ನಗರದ ಆಡಳಿತ ಬೇರೆ, ಅದನ್ನು ಉಣ್ಣುವ ಹಳ್ಳಿಗಳ ಆಡಳಿತ ಬೇರೆ.

ಹೂಳಿನ ವಿಷಯದಲ್ಲಿ ಪೂರ್ವಿಕರ ಆಚರಣೆಯು ಅವರ ಲಕ್ಷಣಕ್ಕಿಂತ ದೂರದೃಷ್ಟಿಯುಳ್ಳದ್ದು. ಕೆರೆಯ ಜೀರ್ಣೋದ್ಧಾರಕ್ಕಾಗಿ ಬಿಟ್ಟ ಬಿತ್ತುವಟ್ಟ, ಹೂಳು ಹೊರುವ ಬಂಡಿಗೂ ಕೋಣಕ್ಕೂ ಕೊಟ್ಟ ದತ್ತಿ, ಇವು ಕನ್ನಡ ಶಾಸನಗಳಲ್ಲಿ ಕಾಣುವುವು. ಉತ್ತ ನೆಲದಿಂದ ಕೊಚ್ಚಿಬಂದ ಮಣ್ಣು ಬೇಸಗೆಯಲ್ಲಿ ಬಂಡಿಯೇರಿ ಹೊಲಕ್ಕೆ ಗೊಬ್ಬರವಾಗಿ ಮರಳುತ್ತಿತ್ತು. ಈ ಚಕ್ರವೇ ಈಗ ತಪ್ಪುವ ಭಯ. ನೀರು ನಿಧಾನವಾದೊಡನೆ ದಪ್ಪ ಮರಳು ಕೆರೆಯ ಬಾಯಲ್ಲಿಯೇ ನಿಲ್ಲುವುದು. ನುಣುಪಾದ ಜೇಡಿಯು ಏರಿಯವರೆಗೂ ತೇಲಿಬಂದು ಕೂರುವುದು. ಗೊಬ್ಬರದ ರಂಜಕವೂ ಕಾರ್ಖಾನೆಯ ಲೋಹಗಳೂ ಬಹುಮಟ್ಟಿಗೆ ಅಂಟಿಕೊಳ್ಳುವುದು ಆ ಜೇಡಿಗೇ. ತಳದಲ್ಲಿ ಪ್ರಾಣವಾಯು ಮುಗಿದಾಗ ರಂಜಕವು ಮತ್ತೆ ನೀರಿಗೆ ಬಿಡುಗಡೆಯಾಗಿ ಕಳೆಯನ್ನು ಬೆಳೆಸುವುದು. ಆದುದರಿಂದ ಮೇಲಿನ ಕೊಳೆಯನ್ನು ಇಂದು ನಿಲ್ಲಿಸಿದರೂ ಕೆರೆಯು ನಾಳೆಯೇ ತಿಳಿಯಾಗದು. ಲೋಹ ಹತ್ತಿದ ಹೂಳನ್ನು ಪರೀಕ್ಷಿಸದೆ ಹೊಲಕ್ಕೆ ಹೊತ್ತರೆ ಹಿಂದೆ ಗೊಬ್ಬರವಾದದ್ದೇ ವಿಷವಾದೀತು.

ಹೀಗೆ ವಿಚಾರಮಾಡಲಾಗಿ, ಶಾಸನಕಾರನ ಹನ್ನೆರಡು ಅಂಗಗಳೊಡನೆ ‘ಊರ್ಧ್ವಕ್ಷೇತ್ರಶುದ್ಧಿ’ ಎಂಬ ಹದಿಮೂರನೆಯದನ್ನು ಸೇರಿಸಿದ ಹೊರತು ಕೆರೆಯ ಲಕ್ಷಣವು ಲಕ್ಷ್ಯವನ್ನು ಪೂರ್ತಿಯಾಗಿ ವ್ಯಾಪಿಸಲಾರದೆಂದು ಸಿದ್ಧವಾಗುವುದು. ಇದು ಪ್ರಾಚೀನರಿಗೆ ಕಳಂಕವಲ್ಲ. ಅವರ ಕಾಲದಲ್ಲಿ ಮೇಲಣ ನೆಲವು ಕಾಡೋ ಹೊಲವೋ ಆಗಿದ್ದಿತು. ಕೊಚ್ಚಿಬಂದುದನ್ನು ಒಂದು ಬಂಡಿ ಹೊರಬಲ್ಲುದಾಗಿತ್ತು. ಬಂಡಿ ಹೊರಲಾರದ್ದು ಬರತೊಡಗಿದ ಮೇಲೆ ಲಕ್ಷಣವನ್ನು ಪರಿಷ್ಕರಿಸುವ ಭಾರ ನವೀನರದು. ಶಾಲೆಗಳಲ್ಲಿ ಈ ಶಾಸನವನ್ನು ಪಾಠಹೇಳುವ ಅಧ್ಯಾಪಕರು ಹನ್ನೆರಡು ಅಂಗಗಳನ್ನು ಬಾಯಿಪಾಠ ಮಾಡಿಸಿದ ಬಳಿಕ ವಿದ್ಯಾರ್ಥಿಗಳನ್ನು ಊರಿನ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಅಚ್ಚುಕಟ್ಟಿನ ಕಡೆಗೆ ಬೆನ್ನುಮಾಡಿಸಿ, ನೀರು ಬರುವ ದಿಕ್ಕನ್ನು ತೋರಿಸುವುದು ಯುಕ್ತ.